ಸೋರುವ ಮೂಗಿಗೆ ಅಲರ್ಜಿ ಮಾತ್ರೆ: ಯಾವ ಮೂಗಿಗೆ, ಎಷ್ಟು ದಿನ, ಯಾವಾಗ ಸಾಕು

ಮೆಡಿಕಲ್ ಶಾಪಿನ ಮುಂದೆ ಸಂಜೆ ಹತ್ತು ನಿಮಿಷ ನಿಂತರೆ ಸಾಕು, "ಮೂಗು ಸೋರ್ತಾ ಇದೆ, ಸಿಟ್ರಿಜಿನ್ ಕೊಡಿ" ಎನ್ನುವ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಅಂಗಡಿಯವರು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ. ನಿನ್ನೆಯಷ್ಟೇ ನೆಗಡಿ ಹಿಡಿದ ಹುಡುಗನಿಗೂ, ವರ್ಷವಿಡೀ ಬೆಳಿಗ್ಗೆ ಎದ್ದ ಕೂಡಲೇ ಸೀನುವ ಹೆಂಗಸಿಗೂ, ಬಿಸಿ ಸಾರಿನ ಮುಂದೆ ಕುಳಿತರೆ ಮೂಗಿನಿಂದ ನೀರಿಳಿಯುವ ಅಜ್ಜನಿಗೂ ಸಿಗುವುದು ಅದೇ ಮಾತ್ರೆ. ಇವರಲ್ಲಿ ಆ ಮಾತ್ರೆ ನಿಜವಾಗಿ ಕೆಲಸ ಮಾಡುವುದು ಬಹುಮಟ್ಟಿಗೆ ಎರಡನೆಯವರ ಮೂಗಿನಲ್ಲಿ ಮಾತ್ರ. ಮೊದಲನೆಯವನಿಗೆ ಅದರಿಂದ ಆಗುವ ಉಪಕಾರ ಅತ್ಯಲ್ಪ, ಮೂರನೆಯವರಿಗೆ ಇಲ್ಲವೆಂದೇ ಹೇಳಬೇಕು. ಹಿಸ್ಟಮಿನ್ ಎಂಬ ರಾಸಾಯನಿಕದಿಂದ ಸೋರುವ ಮೂಗನ್ನಷ್ಟೇ ಸಿಟ್ರಿಜಿನ್‌ನಂಥ ಆಂಟಿಹಿಸ್ಟಮಿನ್ ಮಾತ್ರೆ ನಿಲ್ಲಿಸಬಲ್ಲದು. ಆದ್ದರಿಂದ ಮಾತ್ರೆಯ ಆಯ್ಕೆಗಿಂತ ಮೊದಲು ಮೂಗಿನ ಪರೀಕ್ಷೆ ಆಗಬೇಕು. ಈ ಬರಹದಲ್ಲಿ ಅದೇ ಕ್ರಮವನ್ನು ಅನುಸರಿಸಿದ್ದೇನೆ. ಇದನ್ನು ವೈದ್ಯರ ಬಳಿ ಹೋಗುವ ಮುನ್ನ ಮಾಡಿಕೊಳ್ಳುವ ತಯಾರಿ ಎಂದು ಓದಬೇಕೇ ಹೊರತು ವೈದ್ಯರಿಗೆ ಬದಲಿ ಎಂದಲ್ಲ.

ಮೊದಲು ಸೋರಿಕೆಯ ಗುರುತು ಹಿಡಿಯಿರಿ

ಸೋರಿಕೆ ಎಷ್ಟು ದಿನದಿಂದ ಇದೆ ಎನ್ನುವುದು ಮೊದಲ ಪ್ರಶ್ನೆ. ವೈರಸ್ಸಿನ ನೆಗಡಿ ಸಾಮಾನ್ಯವಾಗಿ ಎರಡು ಮೂರನೆಯ ದಿನ ಜೋರಾಗಿ, ಒಂದು ವಾರ ಹತ್ತು ದಿನದೊಳಗೆ ಇಳಿಯುತ್ತದೆ. ಅದರ ಜೊತೆಗೆ ಗಂಟಲು ಕೆರೆತ, ಮೈಕೈ ನೋವು, ಕೆಲವೊಮ್ಮೆ ಸಣ್ಣ ಜ್ವರ ಇರುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಬಂದಿರುತ್ತದೆ. ಅಲರ್ಜಿಯ ಮೂಗಿನ ಲಕ್ಷಣಗಳೇ ಬೇರೆ: ತೆಳ್ಳಗಿನ ನೀರು, ಒಂದರ ಹಿಂದೊಂದು ಬರುವ ಸೀನು, ಮೂಗು, ಅಂಗುಳ ಮತ್ತು ಕಣ್ಣಿನ ತುರಿಕೆ. ತುರಿಕೆಗೆ ಹೆಚ್ಚಿನ ಬೆಲೆ ಕೊಡಿ, ಏಕೆಂದರೆ ಹಿಸ್ಟಮಿನ್ ನರತುದಿಗಳನ್ನು ಕೆಣಕಿದಾಗ ಆಗುವ ಅನುಭವವೇ ಅದು. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆಯನ್ನೇ ಬೀಳಿಸಿಕೊಂಡಿರುವ ಮಕ್ಕಳನ್ನು ನೀವು ನೋಡಿರುತ್ತೀರಿ. ಆ ಒಂದು ಗೆರೆ ವೈದ್ಯರಿಗೆ ಅರ್ಧ ಕಥೆ ಹೇಳಿಬಿಡುತ್ತದೆ.

ಅಲರ್ಜಿ ಮೂಗಿನ ಬಗ್ಗೆ 'ಅರಿಯಾ' ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಿದೆ. 2001ರಲ್ಲಿ ಅದು ಮೊದಲು ಪ್ರಕಟವಾದಾಗ ಕಾಲಾವಧಿಯ ಲೆಕ್ಕವೊಂದನ್ನು ನಿಗದಿ ಮಾಡಿತು: ತೊಂದರೆ ವಾರದಲ್ಲಿ 4 ದಿನಗಳಿಗಿಂತ ಹೆಚ್ಚಾಗಿ, ಸತತ 4 ವಾರಗಳಿಗಿಂತ ಹೆಚ್ಚು ಕಾಲ ಇದ್ದರೆ ಅದು ನಿರಂತರ ರೂಪದ್ದು, ಅದಕ್ಕಿಂತ ಕಡಿಮೆಯಾದರೆ ಆಗೊಮ್ಮೆ ಈಗೊಮ್ಮೆ ಬರುವಂಥದ್ದು. ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ ತೀವ್ರತೆ ಹೆಚ್ಚು ಎಂದು ಲೆಕ್ಕ. ಈ ವಿಂಗಡಣೆಯಿಂದ ನಮಗೂ ಉಪಯೋಗವಿದೆ. ಅಪರೂಪಕ್ಕೆ ಬರುವ ತೊಂದರೆಗೆ ಬೇಕಾದಾಗ ಒಂದು ಮಾತ್ರೆ ಸಾಕಾಗಬಹುದು, ಆದರೆ ನಿರಂತರ ಸೋರಿಕೆಗೆ ಮಾತ್ರೆಯೊಂದೇ ಸಾಲದಿರುವ ಸಾಧ್ಯತೆ ಹೆಚ್ಚು.

ಕಾರಣ ಹುಡುಕುವಾಗ ಊರನ್ನೂ ಗಮನಿಸಬೇಕು. ಹಾಸಿಗೆ, ದಿಂಬು, ಹಳೆಯ ರಜಾಯಿಗಳಲ್ಲಿ ಬದುಕುವ ಧೂಳಿನ ನುಸಿ, ಜಿರಳೆ, ಬೂಷ್ಟು, ಬೆಕ್ಕು ನಾಯಿಗಳ ಹೊಟ್ಟು ನಮ್ಮಲ್ಲಿ ವರ್ಷವಿಡೀ ಇರುವ ಕಾರಣಗಳು. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟಿನ ಪಾಲು ಹೆಚ್ಚು. ಬಯಲುಸೀಮೆಯಲ್ಲೂ ಬೆಂಗಳೂರಿನ ಖಾಲಿ ಸೈಟುಗಳಲ್ಲೂ ಮಳೆ ಬಿದ್ದ ಮೇಲೆ ಎದೆಮಟ್ಟ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಚರ್ಮವನ್ನು ಕೆರಳಿಸುವುದಲ್ಲದೆ ಮೂಗನ್ನೂ ಕೆರಳಿಸುತ್ತದೆ. ಅದರ ಪರಾಗದಿಂದ ಮೂಗಿನ ಅಲರ್ಜಿ ಬರುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸ್ಥಳೀಯ ರೋಗಿಗಳನ್ನೇ ಪರೀಕ್ಷಿಸಿ ತೋರಿಸಿದ್ದಾರೆ.

ಅಲರ್ಜಿಯೂ ಅಲ್ಲದ, ಸೋಂಕೂ ಅಲ್ಲದ ಸೋರಿಕೆ ಇನ್ನೊಂದಿದೆ. ಎಸಿ ಕೋಣೆಗೆ ಕಾಲಿಟ್ಟರೆ, ಊದುಬತ್ತಿಯ ಹೊಗೆ ತಾಗಿದರೆ, ಒಗ್ಗರಣೆಯ ಘಾಟು ಏರಿದರೆ ಮೂಗು ಸೋರುತ್ತದೆ, ಆದರೆ ತುರಿಕೆಯಿಲ್ಲ, ಕಣ್ಣಲ್ಲಿ ನೀರಿಲ್ಲ. ಮೂಗಿನ ಒಳಪದರದ ನರಗಳು ಅತಿಯಾಗಿ ಸ್ಪಂದಿಸುವುದರಿಂದ ಹೀಗಾಗುತ್ತದೆ. ವಯಸ್ಸಾದವರಲ್ಲಿ ಊಟದ ಹೊತ್ತಿಗೆ ಮೂಗು ಸೋರುವುದೂ ಈ ಬಗೆಯದೇ. ಇವರು ತಿಂಗಳುಗಟ್ಟಲೆ ಸಿಟ್ರಿಜಿನ್ ನುಂಗಿದರೂ ಮೂಗು ನಿಲ್ಲುವುದಿಲ್ಲ, ತೂಕಡಿಕೆ ಮಾತ್ರ ಉಳಿಯುತ್ತದೆ. ಪ್ರಾಸ್ಟೇಟ್ ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಮೂಗಿನ ತೊಂದರೆ ಬರಬಹುದಾದ್ದರಿಂದ, ಸೋರಿಕೆ ಶುರುವಾದ ತಿಂಗಳಿಗೂ ಹೊಸ ಮಾತ್ರೆ ಶುರುವಾದ ತಿಂಗಳಿಗೂ ತಾಳೆ ಬೀಳುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಕೆಲವು ಸೋರಿಕೆಗಳಿಗೆ ಮಾತ್ರೆಯ ಪ್ರಯೋಗವೇ ಸಲ್ಲದು, ನೇರವಾಗಿ ಇಎನ್‌ಟಿ ವೈದ್ಯರನ್ನು ಕಾಣಬೇಕು. ಒಂದೇ ಹೊಳ್ಳೆಯಿಂದ ಸೋರುತ್ತಿದ್ದರೆ ಅಲರ್ಜಿ ಎಂದು ಸುಮ್ಮನಿರಬೇಡಿ, ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಕಾಡುತ್ತದೆ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಕಡಲೆಕಾಳೋ ಮಣಿಯೋ ಸಿಕ್ಕಿಕೊಂಡಿರಬಹುದು. ಅದು ಗುಂಡಿ ಬ್ಯಾಟರಿಯಾಗಿದ್ದರಂತೂ ಗಂಟೆಗಳ ಲೆಕ್ಕದಲ್ಲಿ ಒಳಪದರವನ್ನು ಸುಡುತ್ತದೆ. ತಲೆಗೆ ಪೆಟ್ಟು ಬಿದ್ದ ನಂತರ, ಕೆಲವೊಮ್ಮೆ ಯಾವ ಪೆಟ್ಟೂ ಇಲ್ಲದೆ, ಮುಂದಕ್ಕೆ ಬಗ್ಗಿದಾಗ ಒಂದು ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿ ಬಾಯಿಗೆ ಉಪ್ಪುಪ್ಪಾಗಿ ತಾಗಿದರೆ ಅದು ಮಿದುಳಿನ ಸುತ್ತಲಿನ ದ್ರವ ಸೋರುತ್ತಿರುವುದಾಗಿರಬಹುದು. ಮೂಗಿನ ನೀರಿನಲ್ಲಿ ಬೀಟಾ-2 ಟ್ರಾನ್ಸ್‌ಫರಿನ್ ಎಂಬ ಪ್ರೋಟೀನನ್ನು ಹುಡುಕಿ ಇದನ್ನು ಖಚಿತಪಡಿಸುತ್ತಾರೆ. ರಕ್ತ ಬೆರೆತ ಸಿಂಬಳ, ಮುಖದ ಊತ, ಕಣ್ಣಿನ ಸುತ್ತ ಬಾವು, ದೃಷ್ಟಿಯಲ್ಲಿ ವ್ಯತ್ಯಾಸ ಇದ್ದರೂ ಕಾಯಬಾರದು. ಮೂಗು ಕಟ್ಟಿ, ಗಟ್ಟಿ ಸಿಂಬಳ ಬಂದು, ವಾಸನೆ ತಿಳಿಯದೆ 12 ವಾರ ದಾಟಿದರೆ ಅದನ್ನು ದೀರ್ಘಕಾಲದ ಸೈನಸ್ ಉರಿಯೂತ ಎಂದು ವೈದ್ಯರು ಪರಿಗಣಿಸುತ್ತಾರೆ. ಅಲ್ಲಿ ಮೊದಲ ಚಿಕಿತ್ಸೆ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ. ಅಲರ್ಜಿಯೂ ಜೊತೆಗಿಲ್ಲದಿದ್ದರೆ ಆಂಟಿಹಿಸ್ಟಮಿನ್‌ಗೆ ಅಲ್ಲಿ ಜಾಗವಿಲ್ಲ.

ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ

ಅಲರ್ಜಿ ಇರುವವರ ಮೂಗಿನ ಒಳಪದರದಲ್ಲಿ ಮಾಸ್ಟ್ ಕೋಶಗಳೆಂಬವು ಹಿಸ್ಟಮಿನ್ ತುಂಬಿದ ಚೀಲಗಳನ್ನು ಹೊತ್ತುಕೊಂಡಿರುತ್ತವೆ. ನುಸಿಯ ಕಣವೋ ಪರಾಗವೋ ತಾಗಿದ ಕೆಲವೇ ನಿಮಿಷಗಳಲ್ಲಿ ಆ ಚೀಲಗಳು ಒಡೆಯುತ್ತವೆ. ಹೊರಬಿದ್ದ ಹಿಸ್ಟಮಿನ್, ಕೋಶಗಳ ಮೇಲೆ ಅದು ಬಂದು ಕೂರುವ ಜಾಗಗಳಾದ ಎಚ್1 ಗ್ರಾಹಕಗಳಿಗೆ ಅಂಟಿಕೊಂಡು ಸೀನು, ತುರಿಕೆ, ಸೋರಿಕೆಗಳನ್ನು ಎಬ್ಬಿಸುತ್ತದೆ. ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಇತರ ರಕ್ತಕಣಗಳು ಬಂದು ಸೇರಿ ಎರಡನೆಯ ಅಲೆ ಏಳುತ್ತದೆ. ಮೂಗು ಕಟ್ಟುವುದು ಹೆಚ್ಚಾಗಿ ಈ ಹಂತದಲ್ಲಿ, ಮತ್ತು ಅಲ್ಲಿ ಹಿಸ್ಟಮಿನ್‌ನ ಪಾತ್ರ ಕಡಿಮೆ. ಸೀನು, ತುರಿಕೆ, ನೀರು ನಿಂತರೂ ಮೂಗು ಕಟ್ಟಿದ್ದು ಬಿಡಲಿಲ್ಲ ಎಂದು ಮಾತ್ರೆ ನುಂಗಿದವರು ಹೇಳುವುದಕ್ಕೆ ಕಾರಣ ಇದೇ.

ಆಂಟಿಹಿಸ್ಟಮಿನ್ ಹಿಸ್ಟಮಿನ್ ಕೂರುವ ಜಾಗವನ್ನು ಮೊದಲೇ ಹಿಡಿದು ಅಡ್ಡಗಟ್ಟುತ್ತದೆ ಎಂದು ಹಿಂದೆ ವಿವರಿಸುತ್ತಿದ್ದರು. ಈಗಿನ ತಿಳಿವಳಿಕೆಯಂತೆ ಎಚ್1 ಗ್ರಾಹಕ ಸುಮ್ಮನಿರುವ ಸ್ಥಿತಿಗೂ ಚುರುಕಾದ ಸ್ಥಿತಿಗೂ ನಡುವೆ ತಾನಾಗಿ ಓಲಾಡುತ್ತಿರುತ್ತದೆ, ಮಾತ್ರೆ ಅದನ್ನು ಸುಮ್ಮನಿರುವ ಕಡೆಗೆ ಎಳೆದು ನಿಲ್ಲಿಸುತ್ತದೆ. ಆದ್ದರಿಂದ ಸೀನು ಶುರುವಾದ ಮೇಲೆ ನುಂಗುವುದಕ್ಕಿಂತ ಧೂಳಿಗೆ ಇಳಿಯುವ ಮೊದಲೇ ನುಂಗಿದರೆ ಫಲ ಹೆಚ್ಚು. ದೀಪಾವಳಿಗೆ ಮುಂಚೆ ಅಟ್ಟ ಇಳಿಸಿ ಗುಡಿಸುವ ದಿನವಾದರೆ ಒಂದೆರಡು ಗಂಟೆ ಮೊದಲು. ಜೊತೆಗೆ ಮಾಸ್ಕನ್ನೂ ಹಾಕಿಕೊಳ್ಳಿ, ಅದಕ್ಕೆ ಅಡ್ಡಪರಿಣಾಮವಿಲ್ಲ.

ಈ ಔಷಧಿಗಳ ಇತಿಹಾಸ 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ದಾನಿಯೆಲ್ ಬೊವೆ ಮತ್ತು ಆನ್-ಮರಿ ಸ್ಟೌಬ್ ಅವರ ಕೆಲಸದಿಂದ ಶುರುವಾಗುತ್ತದೆ. ಬೊವೆಗೆ 1957ರಲ್ಲಿ ನೊಬೆಲ್ ಬಂತು. ಅವರು ಮೊದಲು ಕಂಡುಹಿಡಿದ ಅಣು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ಬಳಕೆಗೆ ಬಂದವು ಅದರ ಹಿಂದೆ ಬಂದ ಅಣುಗಳು.

ನೆಗಡಿಗೆ ಇದು ಎಷ್ಟು ಉಪಯುಕ್ತ

ನೆಗಡಿಯಲ್ಲೂ ಮೂಗು ಸೋರುತ್ತದಲ್ಲ, ಅಲ್ಲೇಕೆ ಮಾತ್ರೆ ನಾಟುವುದಿಲ್ಲ ಎಂಬ ಪ್ರಶ್ನೆ ಸಹಜ. ಸ್ವಯಂಸೇವಕರಿಗೆ ಬೇಕೆಂದೇ ನೆಗಡಿಯ ವೈರಸ್ ತಗುಲಿಸಿ ಅವರ ಮೂಗಿನ ನೀರನ್ನು ಪರೀಕ್ಷಿಸಿದ 1980ರ ದಶಕದ ಅಧ್ಯಯನಗಳಲ್ಲಿ ಹೆಚ್ಚಿದ್ದು ಕೈನಿನ್ ಎಂಬ ವಸ್ತುಗಳು. ಹಿಸ್ಟಮಿನ್ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಕಳ್ಳನೇ ಇಲ್ಲದ ಮನೆಗೆ ಪೊಲೀಸರನ್ನು ಕಳಿಸಿದಂತಾಯಿತು.

ಕಾಕ್ರೇನ್ ಎಂಬ ಸ್ವತಂತ್ರ ಸಂಶೋಧನಾ ಜಾಲ 2015ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ನೆಗಡಿಗೆ ಆಂಟಿಹಿಸ್ಟಮಿನ್ ಕೊಟ್ಟು ನಡೆಸಿದ 18 ಪ್ರಯೋಗಗಳನ್ನು, ಒಟ್ಟು 4,342 ಜನರ ಅನುಭವವನ್ನು, ಒಟ್ಟುಗೂಡಿಸಿದ್ದಾರೆ. ಮೊದಲ ಒಂದೆರಡು ದಿನಗಳಲ್ಲಿ ಮಾತ್ರೆ ನುಂಗಿದವರಲ್ಲಿ ಶೇ. 45ರಷ್ಟು ಜನ ಹಾಯಾಗಿದೆ ಎಂದರೆ, ಔಷಧಿಯಿಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಶೇ. 38ರಷ್ಟು ಜನ ಅದನ್ನೇ ಹೇಳಿದರು. ಈ ಏಳರ ಅಂತರವನ್ನು ಮನೆಯ ಲೆಕ್ಕಕ್ಕೆ ಇಳಿಸಿದರೆ, ಸುಮಾರು ಹದಿನಾಲ್ಕು ಜನ ಮಾತ್ರೆ ನುಂಗಿದರೆ ಅದರಿಂದಲೇ ಹಾಯೆನಿಸುವುದು ಒಬ್ಬರಿಗೆ. ಮೂರ್ನಾಲ್ಕು ದಿನ ಕಳೆದ ಮೇಲೆ ಆ ಅಂತರವೂ ಉಳಿಯಲಿಲ್ಲ. ಸೋರಿಕೆಯನ್ನು ಅಷ್ಟಿಷ್ಟು ತಗ್ಗಿಸಿದ್ದು ನಿದ್ದೆ ಬರಿಸುವ ಹಳೆಯ ಮಾತ್ರೆಗಳು, ಅದೂ ಗಮನಕ್ಕೆ ಬಾರದಷ್ಟು. ಹಳೆಯ ಮಾತ್ರೆಗಳಿಗೆ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವನ್ನು ತಡೆದು ಬಾಯಿ, ಮೂಗು ಒಣಗಿಸುವ ಇನ್ನೊಂದು ಗುಣವಿದೆ. ನೆಗಡಿಯಲ್ಲಿ ಕೆಲಸ ಮಾಡುವುದು ಆ ಗುಣವೇ ಇರಬೇಕು. ಮಕ್ಕಳ ನೆಗಡಿಗೆ ಇವು ಉಪಯುಕ್ತ ಎನ್ನುವುದಕ್ಕೆ ಆ ವಿಮರ್ಶೆಯಲ್ಲಿ ಪುರಾವೆ ಸಿಗಲಿಲ್ಲ.

ಇಂಥ ಯಾವ ಅಧ್ಯಯನವನ್ನು ಓದುವಾಗಲೂ ಮೊದಲು ಹುಸಿಮಾತ್ರೆಯ ಗುಂಪಿನ ಅಂಕಿಯನ್ನು ಹುಡುಕುವ ರೂಢಿ ಮಾಡಿಕೊಳ್ಳಿ. "ಶೇ. 45ರಷ್ಟು ರೋಗಿಗಳಲ್ಲಿ ಸುಧಾರಣೆ" ಎಂದು ಜಾಹೀರಾತಿನಲ್ಲಿ ಕಂಡರೆ ಮಾತ್ರೆ ದಿವ್ಯೌಷಧವೆನಿಸುತ್ತದೆ, ಪಕ್ಕದಲ್ಲಿ 38 ಎಂದು ಬರೆದರೆ ಆ ಹೊಳಪು ಇಳಿಯುತ್ತದೆ. ಅಧ್ಯಯನದವರು ಯಾವ ಮೂಗನ್ನು ಆರಿಸಿಕೊಂಡಿದ್ದರು, ಎಷ್ಟನೆಯ ದಿನ ಅಳೆದರು ಎನ್ನುವುದನ್ನೂ ನೋಡಬೇಕು. ಪರಾಗದ ಅಲರ್ಜಿ ಇರುವ ಯುರೋಪಿನ ಯುವಕರ ಮೇಲೆ ಸಾಬೀತಾದದ್ದನ್ನು ನಮ್ಮ ಮನೆಯ ಅಜ್ಜನ ಊಟದ ಹೊತ್ತಿನ ಸೋರಿಕೆಗೆ ಅನ್ವಯಿಸಲಾಗದು.

ಹಳೆಯ ಮಾತ್ರೆ, ಹೊಸ ಮಾತ್ರೆ

ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್ ಇವು ಹಳೆಯ ತಲೆಮಾರಿನವು. ಇವು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುತ್ತವೆ. ಮಿದುಳಿನಲ್ಲಿ ಹಿಸ್ಟಮಿನ್‌ನ ಕೆಲಸ ನಮ್ಮನ್ನು ಎಚ್ಚರವಾಗಿಡುವುದು, ಅದನ್ನು ತಡೆದರೆ ಮಂಪರು ಕವಿಯುತ್ತದೆ. ಸಿಟ್ರಿಜಿನ್, ಲಿವೋಸಿಟ್ರಿಜಿನ್, ಲೊರಾಟಡಿನ್, ಡೆಸ್‌ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವು ಎರಡನೆಯ ತಲೆಮಾರಿನವು. ಇವು ಮಿದುಳಿಗೆ ದಾಟುವುದು ಕಡಿಮೆ. ಆ ಸಾಲಿನಲ್ಲೂ ತಾರತಮ್ಯವಿದೆ. ಸಿಟ್ರಿಜಿನ್ ಮತ್ತು ಲಿವೋಸಿಟ್ರಿಜಿನ್ ನುಂಗಿ ತೂಕಡಿಸುವವರು ಕೆಲವರಿದ್ದಾರೆ, ಫೆಕ್ಸೊಫೆನಡಿನ್ ಮತ್ತು ಬಿಲಾಸ್ಟಿನ್‌ನಲ್ಲಿ ಆ ದೂರು ಅತಿ ಕಡಿಮೆ.

ತೂಕಡಿಕೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಅಲರ್ಜಿಯಿದ್ದ 40 ಚಾಲಕರನ್ನು ವಾಹನ ಚಾಲನೆಯ ಸಿಮ್ಯುಲೇಟರಿನಲ್ಲಿ ಕೂರಿಸಿ, ಬೇರೆ ಬೇರೆ ದಿನಗಳಲ್ಲಿ ಹಳೆಯ ಮಾತ್ರೆ, ಹೊಸ ಮಾತ್ರೆ, ಮದ್ಯ ಮತ್ತು ಹುಸಿಮಾತ್ರೆ ಕೊಟ್ಟು ನೋಡಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸಿಕೊಳ್ಳುವ ಸಾಮರ್ಥ್ಯ ಮದ್ಯ ಕುಡಿದಾಗಿನದಕ್ಕಿಂತಲೂ ಡೈಫೆನ್‌ಹೈಡ್ರಮಿನ್ ನುಂಗಿದಾಗ ಹೆಚ್ಚು ಕೆಟ್ಟಿತ್ತು, ಫೆಕ್ಸೊಫೆನಡಿನ್ ನುಂಗಿದವರು ಹುಸಿಮಾತ್ರೆಯವರಂತೆಯೇ ಓಡಿಸಿದರು. ಇನ್ನೂ ಮುಖ್ಯವಾದ ಮಾತೆಂದರೆ, ಚಾಲಕರಿಗೆ ತಮಗೆ ನಿದ್ದೆ ಬರುತ್ತಿದೆ ಎಂದು ಅನ್ನಿಸಿದ್ದಕ್ಕೂ ಅವರ ಚಾಲನೆ ಕೆಟ್ಟದ್ದಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. "ನನಗೇನೂ ಮಂಪರಾಗಲ್ಲ" ಎಂದು ಹೇಳಿ ರಾತ್ರಿ ಬೈಕ್ ಹತ್ತುವವರು ಇದನ್ನು ನೆನಪಿಡಬೇಕು.

ಪರೀಕ್ಷೆ ಬರೆಯುವ ಮಕ್ಕಳ ವಿಷಯದಲ್ಲೂ ಇಂಥದ್ದೇ ಮಾಹಿತಿಯಿದೆ. ಬ್ರಿಟನ್ನಿನಲ್ಲಿ 15ರಿಂದ 17 ವಯಸ್ಸಿನ 1,834 ವಿದ್ಯಾರ್ಥಿಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪೂರ್ವಸಿದ್ಧತಾ ಪರೀಕ್ಷೆಗಿಂತ ಅಂತಿಮ ಪರೀಕ್ಷೆಯಲ್ಲಿ ಶ್ರೇಣಿ ಕುಸಿಯುವ ಸಾಧ್ಯತೆ ಮೂಗಿನ ಅಲರ್ಜಿ ಕಾಡುತ್ತಿದ್ದವರಲ್ಲಿ ಹೆಚ್ಚಿತ್ತು, ನಿದ್ದೆ ಬರಿಸುವ ಆಂಟಿಹಿಸ್ಟಮಿನ್ ನುಂಗುತ್ತಿದ್ದವರಲ್ಲಿ ಇನ್ನೂ ಹೆಚ್ಚಿತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯಲ್ಲಿ ಅಲರ್ಜಿಗೆ ಚಿಕಿತ್ಸೆ ಕೊಡದಿರುವುದೂ ತಪ್ಪು, ಹಳೆಯ ಮಾತ್ರೆ ಕೊಡುವುದೂ ತಪ್ಪು. ಹೊಸದನ್ನಾದರೂ ಪರೀಕ್ಷೆಯ ಹಿಂದಿನ ರಾತ್ರಿ ಮೊದಲ ಬಾರಿಗೆ ಪ್ರಯೋಗಿಸಬಾರದು.

ವಯಸ್ಸಾದವರಿಗೆ ಹಳೆಯ ಮಾತ್ರೆಗಳು ಇನ್ನಷ್ಟು ಕಷ್ಟ ತರುತ್ತವೆ: ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ಗ್ಲಾಕೋಮಾ ಎಂಬ ಕಣ್ಣಿನ ರೋಗ ಉಲ್ಬಣಿಸುವುದು, ತಲೆ ಮಂಕಾಗಿ ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವುದು. ಅಮೆರಿಕದಲ್ಲಿ 65 ದಾಟಿದ 3,434 ಜನರನ್ನು ಸರಾಸರಿ ಏಳು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಸಿಟೈಲ್‌ಕೋಲಿನ್ ತಡೆಯುವ ಔಷಧಿಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮರೆಗುಳಿ ರೋಗ ಹೆಚ್ಚಾಗಿ ಕಂಡಿತೆಂದು ಹೇಳಿತು. ಆ ಪಟ್ಟಿಯಲ್ಲಿ ಕ್ಲೋರ್‌ಫೆನಿರಮಿನ್ ಕೂಡ ಇತ್ತು. ಮಾತ್ರೆಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲವಾದರೂ, ಬದಲಿ ಔಷಧಿ ಅಷ್ಟೇ ಬೆಲೆಗೆ ಸಿಗುವಾಗ ಆ ಅನುಮಾನವನ್ನು ಹೊತ್ತು ತಿರುಗುವುದೇಕೆ?

ಹೊಸದೆಲ್ಲವೂ ನಿರಪಾಯ ಎಂದೂ ಅಲ್ಲ. ಎರಡನೆಯ ತಲೆಮಾರಿನ ಮೊದಲಿಗರಲ್ಲಿ ಒಂದಾದ ಟರ್ಫೆನಡಿನ್, ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಅಥವಾ ಕೀಟೋಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿಯ ಜೊತೆ ಸೇರಿದಾಗ ಹೃದಯದ ಬಡಿತ ಕೆಡಿಸುತ್ತದೆ ಎಂದು ತಿಳಿದು 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಅದು ದೇಹದೊಳಗೆ ಮಾರ್ಪಟ್ಟು ಆಗುವ ಫೆಕ್ಸೊಫೆನಡಿನ್‌ಗೆ ಆ ದೋಷವಿಲ್ಲವಾದ್ದರಿಂದ ತಾಯಿಯ ಜಾಗದಲ್ಲಿ ಮಗಳು ಬಂದಳು.

ಸ್ಟ್ರಿಪ್ಪಿನ ಹಿಂಬದಿ ಓದುವುದು

ಮುಂಬದಿಯ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಹಿಂಬದಿ ತಿರುಗಿಸಿ, ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿ. ಸಿಟ್ರಿಜಿನ್ 10 ಮಿಲಿಗ್ರಾಂ ಎಂದೋ ಲಿವೋಸಿಟ್ರಿಜಿನ್ 5 ಮಿಲಿಗ್ರಾಂ ಎಂದೋ ಒಂದೇ ಸಾಲಿದ್ದರೆ ಅದು ಬರೀ ಆಂಟಿಹಿಸ್ಟಮಿನ್. ಅದರ ಕೆಳಗೆ ಮಾಂಟೆಲುಕಾಸ್ಟ್ 10 ಮಿಲಿಗ್ರಾಂ ಎಂಬ ಇನ್ನೊಂದು ಸಾಲಿದ್ದರೆ ನಿಮ್ಮ ಕೈಯಲ್ಲಿರುವುದು ಬೇರೆಯೇ ಔಷಧಿ. ನಮ್ಮಲ್ಲಿ ಈ ಜೋಡಿ ಮಾತ್ರೆಯನ್ನು ಚಾಕೊಲೇಟಿನಂತೆ ಕೇಳಿ ಪಡೆಯುವವರಿದ್ದಾರೆ. ಆದರೆ ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳವರೆಗೂ ತೊಂದರೆ ಕಂಡಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅದಕ್ಕೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಮೂಗಿನ ಅಲರ್ಜಿಗಾದರೆ ಬೇರೆ ಔಷಧಿಗಳು ಫಲಿಸದವರಿಗೆ, ಅಥವಾ ಅವು ಒಗ್ಗದವರಿಗೆ ಮಾತ್ರ ಇದನ್ನು ಕೊಡಬೇಕೆಂದೂ ಹೇಳಿತು. ಬರೀ ಮೂಗು ಸೋರುವುದಕ್ಕೆ, ಚೀಟಿಯಿಲ್ಲದೆ, ತಾನಾಗಿ ಇದನ್ನು ನುಂಗುವುದು ನನ್ನ ದೃಷ್ಟಿಯಲ್ಲಿ ಅನಗತ್ಯ ಸಾಹಸ.

ನೆಗಡಿ ಮಾತ್ರೆ ಎಂದು ಮಾರುವ ಸ್ಟ್ರಿಪ್ಪುಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್ ಮತ್ತು ಫೆನೈಲೆಫ್ರಿನ್ ಮೂರೂ ಇರುತ್ತವೆ. ಇವುಗಳ ಜೊತೆ ಜ್ವರಕ್ಕೆಂದು ಬೇರೆ ಪ್ಯಾರಾಸಿಟಮಾಲ್ ನುಂಗಿದರೆ ಅದು ಎರಡು ಪಾಲಾಗುತ್ತದೆ. ಫೆನೈಲೆಫ್ರಿನ್ ಬಾಯಿಯ ಮೂಲಕ ತೆಗೆದುಕೊಂಡರೆ ಕಟ್ಟಿದ ಮೂಗನ್ನು ಬಿಡಿಸುವುದಿಲ್ಲ ಎಂದು ಅಮೆರಿಕದ ತಜ್ಞರ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಹೇಳಿದೆ. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲೆಫ್ರಿನ್ ಸೇರಿದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ಲಿನಲ್ಲಿ ಮುದ್ರಿಸುವಂತೆ ನಮ್ಮ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದಾರೆ. ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿ ಹೋದ ವರ್ಷದ ಸಿರಪ್ ಉಳಿದಿದ್ದರೆ ಇವತ್ತೇ ತೆಗೆದು ಅದರ ಲೇಬಲ್ ನೋಡಿ.

ನುಂಗುವ ಕ್ರಮ

ದೊಡ್ಡವರಿಗೆ ಸಿಟ್ರಿಜಿನ್ 10, ಲಿವೋಸಿಟ್ರಿಜಿನ್ 5, ಲೊರಾಟಡಿನ್ 10 ಮಿಲಿಗ್ರಾಂ ದಿನಕ್ಕೆ ಒಂದೇ ಮಾತ್ರೆ. ಮೊದಲೆರಡನ್ನು ರಾತ್ರಿ ನುಂಗುವುದು ಲೇಸು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಎರಡರ ಪ್ರಮಾಣವನ್ನು ವೈದ್ಯರು ಇಳಿಸಬೇಕಾಗುತ್ತದೆ. ಫೆಕ್ಸೊಫೆನಡಿನ್ ಮೂಗಿಗೆ 120 ಮಿಲಿಗ್ರಾಂ ಸಾಕೆಂಬುದು ನಮ್ಮಲ್ಲಿನ ರೂಢಿ, 180 ಮಿಲಿಗ್ರಾಂ ಹೆಚ್ಚಾಗಿ ಚರ್ಮದ ಪಿತ್ತಗಂದೆಗೆ. ಇದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ರಸ ಕರುಳಿನಲ್ಲಿ ಅದನ್ನು ಹೀರಿಕೊಳ್ಳುವ ವ್ಯವಸ್ಥೆಯನ್ನೇ ತಡೆಯುವುದರಿಂದ ಜ್ಯೂಸಿನ ಜೊತೆ ನುಂಗಿದ ಮಾತ್ರೆಯ ದೊಡ್ಡ ಪಾಲು ವ್ಯರ್ಥವಾಗುತ್ತದೆ. ಅಸಿಡಿಟಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಔಷಧಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಬಿಲಾಸ್ಟಿನ್ 20 ಮಿಲಿಗ್ರಾಂ ಅನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಶುರುಮಾಡಬಾರದು.

ಆ ಮೇಲೆ ಒಂದು ಚಿಕ್ಕ ನೋಟುಪುಸ್ತಕ ತೆಗೆದುಕೊಳ್ಳಿ. ಸಂಶೋಧಕರು ಬಳಸುವ ಅಳತೆ ಮನೆಯಲ್ಲೂ ಬಳಸಬಹುದಾದಷ್ಟು ಸರಳವಾಗಿದೆ: ಸೋರಿಕೆ, ಸೀನು, ತುರಿಕೆ, ಕಟ್ಟುವುದು ಈ ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಏನೂ ಇಲ್ಲದಿದ್ದರೆ ಸೊನ್ನೆ, ಸಹಿಸಲಾಗದಿದ್ದರೆ ಮೂರು, ಒಟ್ಟು ಹನ್ನೆರಡು. ಮೊದಲ ನಾಲ್ಕು ದಿನ ಮಾತ್ರೆಯಿಲ್ಲದೆ ಬರೆದು, ನಂತರ ಎರಡು ವಾರ ಪ್ರತಿದಿನ ಒಂದೇ ಹೊತ್ತಿಗೆ ಮಾತ್ರೆ ನುಂಗುತ್ತಾ ಬರೆಯಿರಿ. ಒಂದು ಪುಟ ಹೀಗಿರಬಹುದು: "ಸೋಮವಾರ ಬೆಳಿಗ್ಗೆ 6.30. ಸೋರಿಕೆ 3, ಸೀನು 3, ತುರಿಕೆ 2, ಕಟ್ಟುವುದು 2. ಒಟ್ಟು 10. ಹಾಸಿಗೆ ಕೊಡವಿದ್ದು. ಮಾತ್ರೆ ಇಲ್ಲ." ಎರಡು ವಾರದ ಬಳಿಕ ಅದೇ ಸೋಮವಾರದ ಸಾಲು "1, 0, 0, 2. ಒಟ್ಟು 3" ಎಂದಾಗಿದ್ದರೆ ಮಾತ್ರೆ ನಾಟಿದೆ, ಕಟ್ಟುವುದಕ್ಕೆ ಮಾತ್ರ ಬೇರೆ ದಾರಿ ಬೇಕು. ಅಂಕ 10ರಿಂದ 9ಕ್ಕಷ್ಟೇ ಇಳಿದಿದ್ದರೆ ಮಾತ್ರೆಯ ಬ್ರ್ಯಾಂಡ್ ಬದಲಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ, ಅದು ಹಿಸ್ಟಮಿನ್‌ನ ಮೂಗೇ ಅಲ್ಲದಿರಬಹುದು. ಮನೆಯ ಈ ಲೆಕ್ಕಕ್ಕೆ ಹುಸಿಮಾತ್ರೆಯ ಹೋಲಿಕೆಯಿಲ್ಲ, ನಡುವೆ ಮಳೆ ಬಂದು ಧೂಳು ಅಡಗಿದರೂ ಅಂಕ ಇಳಿಯುತ್ತದೆ. ಹಾಗಿದ್ದರೂ "ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ" ಎಂಬ ಮಾತಿಗಿಂತ ಆ ಪುಟ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಮಾತ್ರೆ ಸಾಲದಾಗ

ನಿರಂತರ ಅಲರ್ಜಿ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇಯೇ ಮೇಲು ಎಂಬುದು ಹೊಸ ಸಂಗತಿಯೇನಲ್ಲ. 1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಮರ್ಶೆ 16 ಪ್ರಯೋಗಗಳ 2,267 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಸೋರಿಕೆ, ಸೀನು, ತುರಿಕೆ, ಕಟ್ಟುವುದು ನಾಲ್ಕರಲ್ಲೂ ಸ್ಪ್ರೇ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಕಣ್ಣಿನ ತೊಂದರೆಯಲ್ಲಿ ಮಾತ್ರ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಆದರೂ ನಮ್ಮಲ್ಲಿ ಸ್ಟೀರಾಯ್ಡ್ ಎಂಬ ಪದ ಕೇಳಿದರೆ ಹೆದರುತ್ತಾರೆ, ಮಾತ್ರೆಯನ್ನಾದರೆ ಹತ್ತು ವರ್ಷ ನುಂಗುತ್ತಾರೆ. ಈ ಸ್ಪ್ರೇಗಳಲ್ಲಿ ಔಷಧಿಯ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ಫ್ಲೂಟಿಕಸೋನ್, ಮೊಮೆಟಸೋನ್‌ಗಳು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಒಣಗುವುದು, ಅಪರೂಪಕ್ಕೆ ರಕ್ತ ಜಿನುಗುವುದು ಸಾಮಾನ್ಯ ದೂರುಗಳು. ಅಜೆಲಾಸ್ಟಿನ್ ಎಂಬ ಆಂಟಿಹಿಸ್ಟಮಿನ್ ಸ್ಪ್ರೇ ರೂಪದಲ್ಲೇ ಸಿಗುತ್ತದೆ. ಅದು ನಿಮಿಷಗಳಲ್ಲಿ ಕೆಲಸ ಶುರುಮಾಡುತ್ತದೆ, ಅಲರ್ಜಿಯಿಲ್ಲದ ಸೋರಿಕೆಯಲ್ಲೂ ಸ್ವಲ್ಪ ಪ್ರಯೋಜನ ಕೊಡುತ್ತದೆ, ನಾಲಿಗೆಗೆ ಕಹಿ ಇಳಿಯುವುದು ಅದರ ಸಾಮಾನ್ಯ ಕಿರಿಕಿರಿ. ಊಟದ ಹೊತ್ತಿನ ನೀರಿಳಿಕೆಗೆ ಇಪ್ರಾಟ್ರೋಪಿಯಂ ಸ್ಪ್ರೇ ಸೂಕ್ತ, ಅದನ್ನು ವೈದ್ಯರೇ ಬರೆದುಕೊಡಬೇಕು.

ಸ್ಪ್ರೇ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಹೊಡೆದುಕೊಳ್ಳುವುದೇ ತಪ್ಪಾಗಿರುತ್ತದೆ. ಮೊದಲು ಮೂಗು ಸೀಟಿ ಬಾಟಲಿಯನ್ನು ಅಲುಗಾಡಿಸಿ. ತಲೆಯನ್ನು ಹಿಂದಕ್ಕೆ ಎತ್ತದೆ ಕೊಂಚ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿದರೆ ತುದಿ ತಾನಾಗಿ ಹೊರಗೋಡೆಯ ಕಡೆಗೆ, ಅದೇ ಬದಿಯ ಕಿವಿಯತ್ತ ತಿರುಗುತ್ತದೆ, ಮೂಗಿನ ನಡುಗೋಡೆಗೆ ಔಷಧಿ ಬಡಿಯುವುದಿಲ್ಲ. ಒತ್ತಿದ ಮೇಲೆ ಜೋರಾಗಿ ಎಳೆದುಕೊಳ್ಳಬೇಡಿ, ಗಂಟಲಿಗೆ ಇಳಿದ ಔಷಧಿ ಮೂಗಿಗೆ ಉಪಯೋಗವಿಲ್ಲ. ಪೂರ್ಣ ಫಲಕ್ಕೆ ಕೆಲವು ದಿನ, ಕೆಲವೊಮ್ಮೆ ಎರಡು ವಾರ ಬೇಕು. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹನಿಗಳನ್ನು ಇವುಗಳೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅವನ್ನು ಐದು ದಿನ ದಾಟಿ ಬಳಸಿದರೆ ಹನಿ ಹಾಕದೆ ಮೂಗು ಬಿಡುವುದೇ ಇಲ್ಲ ಎಂಬ ಸ್ಥಿತಿ ಬರುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು, ಅಂದರೆ ಜಲನೇತಿ, ಅಲರ್ಜಿಯ ಕಣಗಳನ್ನೂ ಸಿಂಬಳವನ್ನೂ ಕೊಚ್ಚಿ ಹೊರಹಾಕುತ್ತದೆ. ನಲ್ಲಿಯ, ಬಾವಿಯ ನೀರನ್ನು ಹಾಗೇ ಬಳಸುವಂತಿಲ್ಲ, ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಅಂಥ ನೀರಿನಲ್ಲಿರಬಹುದು. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಅಯೋಡಿನ್ ಇಲ್ಲದ ಉಪ್ಪು ಸಾಕು.

ನಿಲ್ಲಿಸುವಾಗ

ಎರಡು ವಾರದ ಪ್ರಯೋಗ ಫಲಿಸದಿದ್ದರೆ ಮಾತ್ರೆ ನಿಲ್ಲಿಸಿ, ವೈದ್ಯರ ಬಳಿ ಹೋಗಿ. ಫಲಿಸಿದರೆ ಕಾರಣದ ಕಾಲ ಮುಗಿಯುವವರೆಗೆ ಮುಂದುವರಿಸಿ, ಆಗಾಗ ಬಿಟ್ಟು ನೋಡಿ. ಸಿಟ್ರಿಜಿನ್, ಲಿವೋಸಿಟ್ರಿಜಿನ್‌ಗಳನ್ನು ತಿಂಗಳು, ವರ್ಷಗಟ್ಟಲೆ ಪ್ರತಿದಿನ ನುಂಗಿ ಒಮ್ಮೆಲೇ ಬಿಟ್ಟ ಕೆಲವರಿಗೆ ಮೊದಲಿಲ್ಲದ ತೀವ್ರ ಮೈತುರಿಕೆ ಕೆಲವೇ ದಿನಗಳಲ್ಲಿ ಶುರುವಾದದ್ದು ವರದಿಯಾಗಿದೆ. ಇದು ಅಪರೂಪ, ಆದರೆ ಅಮೆರಿಕದ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸುವಷ್ಟು ಪ್ರಕರಣಗಳು ಅದರ ಮುಂದಿದ್ದವು. ಆ ತುರಿಕೆಯನ್ನು ಹೊಸ ಅಲರ್ಜಿಯೆಂದು ಭಾವಿಸಿ ಮತ್ತೆ ಅದೇ ಮಾತ್ರೆಗೆ ಅಂಟಿಕೊಳ್ಳುವವರು ಇರುತ್ತಾರೆ, ವೈದ್ಯರ ಸಲಹೆಯಂತೆ ಮೆಲ್ಲನೆ ಇಳಿಸುತ್ತಾ ಬಂದರೆ ಬಿಡಿಸಿಕೊಳ್ಳಬಹುದು.

ಯಾವುದಕ್ಕೆ ಅಲರ್ಜಿ ಎಂದು ತಿಳಿಯಲು ಚರ್ಮದ ಚುಚ್ಚು ಪರೀಕ್ಷೆಗೆ ದಿನ ಗೊತ್ತಾಗಿದ್ದರೆ ಆಂಟಿಹಿಸ್ಟಮಿನ್ನನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ನುಸಿಯ ಹನಿ ಚುಚ್ಚಿದರೂ ತೋಳಿನಲ್ಲಿ ಗಂದೆ ಏಳುವುದಿಲ್ಲ, ಅಲರ್ಜಿ ಇಲ್ಲವೆಂದು ತಪ್ಪು ಫಲಿತಾಂಶ ಬರುತ್ತದೆ. ನಡುವೆ ಒಂದು ದಿನ ಸೀನು ತಡೆಯಲಾರದೆ ನೆಗಡಿ ಮಾತ್ರೆ ನುಂಗಿದ್ದರೂ ಪರೀಕ್ಷೆಯ ಮೊದಲೇ ಹೇಳಿಬಿಡಿ, ಅದರಲ್ಲೂ ಕ್ಲೋರ್‌ಫೆನಿರಮಿನ್ ಇರುತ್ತದೆ.